ಉದುರಿದ ಮಲ್ಲಿಗೆಯ ಮಾತು

ಕೆಲವು ವರ್ಷಗಳ ಹಿಂದೆ ನಾನೊಂದು ಸಣ್ಣಕತೆ ಬರೆಯುತ್ತಿದ್ದೆ. ಹೆಂಡತಿಯನ್ನು ಕಳೆದುಕೊಂಡ ವೃದ್ಧನೊಬ್ಬ ತಿಂಗಳು ಕಳೆದ ಮೇಲೆ ತನ್ನ ಮನೆಗೆ ಮರಳುವ ಸಂದರ್ಭ. ‘ಅವನಿಗೆ ದುಃಖ ಉಮ್ಮಳಿಸಿ ಬಂತು’ ಎಂದು ಮೊದಲು ಬರೆದೆ. ಓದಿ ನೋಡಿದರೆ ದುಃಖದ ಸುದ್ದಿ ತಿಳಿಯುತ್ತಿತ್ತೇ ಹೊರತು ದುಃಖ ತಟ್ಟುತ್ತಿರಲಿಲ್ಲ. ಅದನ್ನು ಹೊಡೆದುಹಾಕಿ, ಮೊಗ್ಗು ಬಿಡಿಸುವವರಿಲ್ಲದೆ ಅಂಗಳದ ಮಲ್ಲಿಗೆಯೆಲ್ಲ ಬಳ್ಳಿಯಲ್ಲೇ ಅರಳಿ, ಕಂದಿ, ಬುಡದ ತುಂಬ ಉದುರಿತ್ತೆಂದೂ, ಅವನು ಅದನ್ನು ತುಳಿಯದೆ ಸುತ್ತಿಬಳಸಿ ಬಾಗಿಲಿಗೆ ಬಂದನೆಂದೂ ಬರೆದೆ. ಆಮೇಲೆ ‘ದುಃಖ’ ಎಂಬ ಪದ ಬೇಕಾಗಲೇ ಇಲ್ಲ.

ಬೆಳದಿಂಗಳು, ವಸಂತ, ತಂಗಾಳಿಗಳು ಭಾವವನ್ನು ಕೆರಳಿಸುವುದನ್ನು ನಮ್ಮ ಕಾವ್ಯಮೀಮಾಂಸೆ ಉದ್ದೀಪನ ವಿಭಾವ ಎಂದು ಕರೆಯುತ್ತದೆ. ಆದರೆ ನಿಸರ್ಗದ ಚಿತ್ರ ಭಾವವನ್ನು ಕೆರಳಿಸುವುದಷ್ಟೇ ಅಲ್ಲ, ಅರ್ಥವನ್ನೇ ಹೊತ್ತು ತರುತ್ತದೆ ಎಂಬುದು ನನಗೆ ಮನದಟ್ಟಾದದ್ದು 9ನೆಯ ಶತಮಾನದ ಕಾವ್ಯಮೀಮಾಂಸಕ ಆನಂದವರ್ಧನನ ಧ್ವನಿ ಸಿದ್ಧಾಂತವನ್ನು, ಅಂದರೆ ನೇರವಾಗಿ ಹೇಳದೆ ಸೂಚಿಸುವ ಅರ್ಥವೇ ಕಾವ್ಯದ ಜೀವಾಳ ಎಂಬ ವಿಚಾರವನ್ನು ಓದಿದಾಗ. ಆಲಂಕಾರಿಕರು, ಅಂದರೆ ಕಾವ್ಯಮೀಮಾಂಸಕರು, ಮತ್ತೆ ಮತ್ತೆ ಕೊಡುವ ಉದಾಹರಣೆಯೊಂದಿದೆ: ‘ಗಂಗೆಯಲ್ಲಿ ಗೊಲ್ಲರ ಹಟ್ಟಿ.’ ಹಟ್ಟಿ ಹೊಳೆಯ ನೀರಿನಲ್ಲಿ ಇರಲಾರದು, ಆದ್ದರಿಂದ ದಡದಲ್ಲಿದೆ ಎಂದೇ ಅರ್ಥ. ಹಾಗಿದ್ದರೆ ‘ದಡದಲ್ಲಿ’ ಎಂದೇ ಏಕೆ ಹೇಳಬಾರದು? ಹೇಳಿದ್ದರೆ, ಆ ಹಟ್ಟಿಗೆ ಸೋಕುವ ನೀರಿನ ತಂಪು ಮತ್ತು ಗಂಗೆಯ ಪಾವಿತ್ರ್ಯ ಎರಡೂ ಮಾತಿನಿಂದ ಜಾರಿಹೋಗುತ್ತಿದ್ದವು.

ಪ್ರಾಚೀನ ತಮಿಳಿನ ಸಂಗಂ ಕವಿಗಳು ಇದನ್ನು ಒಂದು ವ್ಯವಸ್ಥೆಯಾಗಿಯೇ ಬೆಳೆಸಿದರು. ಅಲ್ಲಿ ಬೆಟ್ಟವೆಂದರೆ ಪ್ರೇಮಿಗಳ ಮಿಲನ, ಕಾಡೆಂದರೆ ತಾಳ್ಮೆಯ ಕಾಯುವಿಕೆ, ಕಡಲತೀರವೆಂದರೆ ಹಂಬಲಿಕೆ, ಬಯಲು ಗದ್ದೆಯೆಂದರೆ ಮುನಿಸು, ಬೆಂದ ಬರಡು ನೆಲವೆಂದರೆ ಅಗಲಿಕೆ. ನೆಲದ ಗುರುತು ಸಿಕ್ಕಿದೊಡನೆ ಓದುಗನಿಗೆ ಮನಸ್ಸಿನ ಗುರುತೂ ಸಿಗುತ್ತದೆ.

ವರ್ಣನೆ ಕಡ್ಡಾಯವಾದಾಗ ಈ ಶಕ್ತಿ ಸೋರಿಹೋಗುತ್ತದೆ. ಮಹಾಕಾವ್ಯಕ್ಕೆ ಅಷ್ಟಾದಶ ವರ್ಣನೆಗಳು, ಅಂದರೆ ಕಡಲು, ಬೆಟ್ಟ, ಚಂದ್ರೋದಯ ಮೊದಲಾದ ಹದಿನೆಂಟು ವರ್ಣನೆಗಳು, ಇರಲೇಬೇಕೆಂಬ ನಿಯಮಕ್ಕೆ ಕಟ್ಟುಬಿದ್ದು ಬರೆದ ಎಷ್ಟೋ ಚಂದ್ರೋದಯಗಳನ್ನು ಕಿತ್ತು ಪಕ್ಕಕ್ಕಿಟ್ಟರೂ ಕಥೆಗೆ ಏನೂ ಆಗುವುದಿಲ್ಲ. ಹಾಗೆ ಕಿತ್ತು ನೋಡುವುದನ್ನೇ ನಾನು ಪರೀಕ್ಷೆಯಾಗಿ ಇಟ್ಟುಕೊಂಡಿದ್ದೇನೆ. ‘ಯಾವುದೋ ಹಕ್ಕಿ’, ‘ಯಾವುದೋ ಮರ’ ಎನ್ನುವ ಬರಹ ಈ ಪರೀಕ್ಷೆಯಲ್ಲಿ ಉಳಿಯುವುದು ಅಪರೂಪ.

ನಾಯಕ ಅತ್ತಾಗಲೆಲ್ಲ ಮಳೆ ಸುರಿಸುವುದೂ ಇಂಥದೇ ಅಭ್ಯಾಸ. ಮನುಷ್ಯನ ಭಾವವನ್ನು ಪ್ರಕೃತಿಯ ಮೇಲೆ ಹೇರುವುದನ್ನು ಇಂಗ್ಲಿಷ್ ವಿಮರ್ಶಕ ಜಾನ್ ರಸ್ಕಿನ್ 1856ರಲ್ಲೇ ದೋಷವೆಂದು ಹೆಸರಿಸಿದ್ದರು. ಅವರ ಮಾತನ್ನು ನಾನು ಪೂರ್ತಿ ಒಪ್ಪಲಾರೆ, ಏಕೆಂದರೆ ಶೋಕದಲ್ಲಿರುವವನ ಕಣ್ಣಿಗೆ ಮೋಡ ನಿಜಕ್ಕೂ ಬೇರೆಯಾಗಿಯೇ ಕಾಣುತ್ತದೆ. ಆದರೂ, ನಮ್ಮ ನೋವಿನ ಪರಿವೆಯೇ ಇಲ್ಲದೆ ತನ್ನ ಪಾಡಿಗೆ ತಾನಿರುವ ಪ್ರಕೃತಿ ಹೆಚ್ಚು ಆಳವಾಗಿ ಇರಿಯುತ್ತದೆ. ನನ್ನ ಕತೆಯ ಮೊದಲ ಕರಡಿನಲ್ಲಿ ವೃದ್ಧ ಮನೆಗೆ ಬರುವಾಗ ಮಳೆ ಹನಿಯುತ್ತಿತ್ತು. ಅದನ್ನೂ ತೆಗೆದೆ. ಈಗ ಅಲ್ಲಿ ಎಳೆಬಿಸಿಲಿದೆ, ಬಳ್ಳಿಯ ತುದಿಯಲ್ಲಿ ನಾಳೆ ಅರಳಲಿರುವ ಮೊಗ್ಗುಗಳಿವೆ.