ಸೆಪ್ಟೆಂಬರ್ 17, ಕೊಪ್ಪಳ

ಬೆಳಿಗ್ಗೆ ಮಗಳ ಶಾಲೆಯಲ್ಲಿ ಬಾವುಟ ಏರಿಸಿದರು. ಕೈಯಲ್ಲಿ ಬೂಂದಿ ಪೊಟ್ಟಣ ಹಿಡಿದುಕೊಂಡೇ ಕೇಳಿದಳು, "ಅಪ್ಪಾ, ಆಗಸ್ಟ್ 15ಕ್ಕ ಏರಿಸಿದ್ವಲ್ಲ, ಮತ್ಯಾಕ?"

ಸ್ಕೂಟರ್ ಮೇಲೇ ಹೇಳುತ್ತಾ ಬಂದೆ. 1947ರಲ್ಲಿ ತುಂಗಭದ್ರೆಯ ಆಚೆ ಹೊಸಪೇಟೆಗೆ ಸ್ವಾತಂತ್ರ್ಯ ಬಂತು. ಈಚೆ ಮುನಿರಾಬಾದಿಗೆ, ಕೊಪ್ಪಳಕ್ಕೆ, ರಾಯಚೂರಿಗೆ ಬರಲಿಲ್ಲ. ನಡುವೆ ಒಂದು ಹೊಳೆ ಅಷ್ಟೇ! ನಮ್ಮದು ಹೈದರಾಬಾದ್ ನಿಜಾಮರ ಸೀಮೆ, ಭಾರತಕ್ಕೆ ಇನ್ನೂ ಸೇರಿರಲಿಲ್ಲ. ನಿಜಾಮರ ಪರ ಆಯುಧ ಹಿಡಿದಿದ್ದ ರಜಾಕಾರರ ಕಾಟಕ್ಕೆ ಎಷ್ಟೋ ಮಂದಿ ಊರು ಬಿಟ್ಟರು. ಮುಂಡರಗಿ ಶಿಬಿರದಲ್ಲಿ ಅಳವಂಡಿ ಶಿವಮೂರ್ತಿ ಸ್ವಾಮಿಗಳು ಹೋರಾಟಗಾರರನ್ನು ಕಟ್ಟಿ ನಿಲ್ಲಿಸಿದರು. 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಒಳಗೆ ಬಂತು, 17ಕ್ಕೆ ನಿಜಾಮರು ಮಣಿದರು.

"ನಮಗ ಒಂದು ವರ್ಷ ಒಂದು ತಿಂಗಳು ತಡಾ ಆತು ನೋಡಪಾ" ಅನ್ನುತ್ತಿದ್ದರು ನಮ್ಮ ಅಜ್ಜ. ಆ ಒಂದು ತಿಂಗಳನ್ನು ಅವರು ಯಾವತ್ತೂ ಬಿಟ್ಟು ಹೇಳಲಿಲ್ಲ.

ಮನೆಗೆ ಬಂದು ಸುಮ್ನೆ ಇದೇ ತಾರೀಖು ಹುಡುಕಿದೆ. ನಮ್ಮಲ್ಲಿ ಬಿಡುಗಡೆಯಾದ ಅದೇ ದಿನ, ಜೆರುಸಲೇಮಿನಲ್ಲಿ ಅರಬ್ಬರು ಮತ್ತು ಇಸ್ರೇಲ್ ನಡುವೆ ಸಂಧಾನಕ್ಕೆ ಹೋಗಿದ್ದ ಸ್ವೀಡನ್ನಿನ ಫೋಕ್ ಬರ್ನಡೋಟ್ ಅವರನ್ನು ಗುಂಡಿಟ್ಟು ಕೊಂದಿದ್ದರು. ಸರಿಯಾಗಿ 30 ವರ್ಷಕ್ಕೆ, 1978ರ ಇದೇ ದಿನ, ಈಜಿಪ್ಟ್ ಮತ್ತು ಇಸ್ರೇಲ್ ಶಾಂತಿಗಾಗಿ ಕ್ಯಾಂಪ್ ಡೇವಿಡ್ ಒಪ್ಪಂದಕ್ಕೆ ಸಹಿ ಹಾಕಿದವು. ಓದಿ ಸ್ವಲ್ಪ ಹೊತ್ತು ಹಾಗೇ ಕೂತೆ. ಇಲ್ಲಿ ಜನ ಬೀದಿಗಿಳಿದು ಕುಣಿಯುವಾಗ ಅಲ್ಲೊಂದು ಮನೆಯಲ್ಲಿ ಅಳು, ಅಲ್ವಾ?

ಮಗಳು ಕಾಗದದ ಬಾವುಟವನ್ನು ಅಜ್ಜನ ಫೋಟೋ ಚೌಕಟ್ಟಿಗೆ ಸಿಗಿಸಿದ್ದಾಳೆ. ಇನ್ನೂ ತೆಗೆದಿಲ್ಲ.