ನಿಪ್ಪಟ್ಟಿನ ಉಚ್ಚೆ ಪುರಾಣ

ಹೋದ ವರ್ಷ ಆಷಾಢದಲ್ಲಿ ಒಂದು ಬೆಳಗ್ಗೆ ಕಾಫಿ ಸೋಸ್ತಾ ಇದ್ದೆ, ಹಾಲ್‌ನಿಂದ ಸಣ್ಣಗೆ "ಕುಂಯ್" ಅಂತ ಕೇಳಿಸ್ತು. ನಮ್ಮನೆ ಗಿನಿಪಿಗ್ ನಿಪ್ಪಟ್ಟು ಕೂಗೋದು ಹೊಸದೇನಲ್ಲ, ಫ್ರಿಜ್ ಬಾಗಿಲು ತೆಗೆದ್ರೆ ಸಾಕು ಇಡೀ ಬಿಲ್ಡಿಂಗಿಗೆ ಕೇಳೋ ಹಾಗೆ ವೀಕ್ ವೀಕ್ ಅಂತಾಳೆ. ಆದ್ರೆ ಇದು ಆ ಕೂಗಲ್ಲ. ಹೋಗಿ ನೋಡಿದ್ರೆ ಬೆನ್ನು ಗೂನು ಮಾಡ್ಕೊಂಡು, ಹಿಂದಿನ ಭಾಗ ಸ್ವಲ್ಪ ಎತ್ಕೊಂಡು ನಿಂತಿದ್ಲು, ಉಚ್ಚೆ ಮಾಡ್ತಾ ಇದ್ಲು, ಮಾಡಿ ಮುಗಿಯೋ ಹೊತ್ತಿಗೆ ಇನ್ನೊಂದು ಕುಂಯ್. ಅಷ್ಟೇ. ಆಮೇಲೆ ಏನೂ ಆಗದೇ ಇರೋ ಥರ ಬಂದು ಸೌತೆಕಾಯಿ ಕೇಳಿದ್ಲು.

ಆಗ ಅವಳಿಗೆ ಐದೂಮುಕ್ಕಾಲು ವರ್ಷ. ಗಿನಿಪಿಗ್‌ಗಳು ಸಾಮಾನ್ಯವಾಗಿ ಐದರಿಂದ ಎಂಟು ವರ್ಷ ಬದುಕೋದು, ಅಂದ್ರೆ ಅಜ್ಜಿ ಲೆಕ್ಕ. ಜೊತೆಗಿದ್ದ ಕೋಡುಬಳೆ ಹೋಗಿ ಎರಡು ತಿಂಗಳಾಗಿತ್ತು, ಅದೇ ಬೇಜಾರಿಗೆ ಕೂಗ್ತಾಳೆ ಅಂದ್ಕೊಂಡು ನಾಲ್ಕು ದಿನ ಸುಮ್ನಿದ್ದೆ. ಐದನೇ ದಿನ ಬಟ್ಟೆ ಮೇಲೆ ಗುಲಾಬಿ ಬಣ್ಣದ ಕಲೆ ಕಾಣಿಸ್ತು.

ಹತ್ತಿರದಲ್ಲೇ ಇರೋ ಒಂದು ಕ್ಲಿನಿಕ್‌ಗೆ ಓಡಿದೆ. ಅಲ್ಲಿ ಬರೋದೆಲ್ಲ ನಾಯಿ ಬೆಕ್ಕು, ಇವಳನ್ನ ನೋಡಿ "ಇದು ಹ್ಯಾಮ್‌ಸ್ಟರ್ರಾ" ಅಂದ್ರು, ಅಲ್ಲೇ ನನಗೆ ಅರ್ಧ ಧೈರ್ಯ ಹೋಯ್ತು. ಅಮಾಕ್ಸಿಸಿಲಿನ್ ಡ್ರಾಪ್ಸ್ ಬರೆದು ಕಳಿಸಿದ್ರು. ಕೊಡೋಕೆ ಮುಂಚೆ ಗಿನಿಪಿಗ್ ಸಾಕಿರೋ ಫ್ರೆಂಡ್‌ಗೆ ಒಂದು ಮಾತು ಕೇಳೋಣ ಅಂತ ಫೋಟೋ ಕಳಿಸಿದ್ದೆ, ಅವಳು ವಾಪಸ್ ಫೋನೇ ಮಾಡಿಬಿಟ್ಲು, ಬಾಯಿಗೆ ಹಾಕಿದ್ರೆ ಸತ್ತೇ ಹೋಗುತ್ತೆ ಕಣೇ ಅಂತ. ನಿಜಾನೇ, ಪೆನಿಸಿಲಿನ್ ಜಾತಿಯ ಔಷಧಿ ಬಾಯಲ್ಲಿ ಕೊಟ್ರೆ ಇವುಗಳ ಕರುಳಲ್ಲಿರೋ ಒಳ್ಳೆ ಬ್ಯಾಕ್ಟೀರಿಯಾ ಸತ್ತು ಕೆಟ್ಟವು ವಿಷ ಕಕ್ಕೋಕೆ ಶುರು ಮಾಡ್ತವೆ, ಕೆಲವೇ ದಿನದಲ್ಲಿ ಪ್ರಾಣಿ ಹೋಗಿಬಿಡುತ್ತೆ. ಈ ಒಂದು ವಿಷಯ ಮಾತ್ರ ಗಿನಿಪಿಗ್ ಇರೋ ಪ್ರತಿಯೊಬ್ರೂ ಫ್ರಿಜ್ ಮೇಲೆ ಬರೆದು ಅಂಟಿಸ್ಕೊಳ್ಳಿ ದಯವಿಟ್ಟು.

ಆಮೇಲೆ ಮೊಲ, ಗಿಣಿ, ಆಮೆ ಎಲ್ಲ ನೋಡೋ ಡಾಕ್ಟರ್ ಒಬ್ರು ಬೆಂಗಳೂರಿನ ಇನ್ನೊಂದು ಮೂಲೇಲಿ ಸಿಕ್ಕಿದ್ರು, ಆಟೋದಲ್ಲಿ ಒಂದೂಕಾಲು ಗಂಟೆ, ನಿಪ್ಪಟ್ಟು ಡಬ್ಬದಲ್ಲಿ, ಡಬ್ಬ ನನ್ನ ತೊಡೆ ಮೇಲೆ. ಅವರು ಎಕ್ಸ್‌ರೇ ತೆಗೆದ್ರು. ಇವುಗಳ ಕಲ್ಲು ಹೆಚ್ಚಾಗಿ ಕ್ಯಾಲ್ಸಿಯಂ ಕಾರ್ಬೊನೇಟ್‌ದೇ ಆಗಿರೋದ್ರಿಂದ ಎಕ್ಸ್‌ರೇಲಿ ಬೆಳ್ಳಗೆ ಎದ್ದು ಕಾಣುತ್ತಂತೆ. ಇವಳಿಗೆ ಕಲ್ಲು ಇರಲಿಲ್ಲ, ಆದ್ರೆ ಮೂತ್ರಕೋಶದ ತಳದಲ್ಲಿ ಮಸುಕಾಗಿ ಒಂದು ಪದರ, ಹುಳಿ ಬಂದ ದೋಸೆ ಹಿಟ್ಟಿನ ನೀರು ಮೇಲೆ ಬಂದು ಹಿಟ್ಟು ಕೆಳಗೆ ಕೂತ್ಕೊಳ್ಳುತ್ತಲ್ಲ, ಆ ಥರ. ಅದಕ್ಕೆ ಸ್ಲಡ್ಜ್ ಅಂತಾರೆ. ವಯಸ್ಸಾದ ಹೆಣ್ಣುಗಳಿಗೆ ಅಂಡಾಶಯದಲ್ಲಿ ನೀರುಗುಳ್ಳೆ ಬರೋದು ಬಹಳ ಮಾಮೂಲಿ, ರಕ್ತ ಗರ್ಭಕೋಶದಿಂದಲೂ ಬರಬಹುದು, ಅದಕ್ಕೆ ಸ್ಕ್ಯಾನೂ ಮಾಡಿದ್ರು. ಮೆಲಾಕ್ಸಿಕಾಮ್ ನೋವಿಗೆ, ಟ್ರೈಮೆಥೊಪ್ರಿಮ್ ಸಲ್ಫಾ ಇನ್‌ಫೆಕ್ಷನ್‌ಗೆ. ಎರಡು ವಾರಕ್ಕೆ ರಕ್ತ ನಿಂತ್ತು. ಕುಂಯ್ ನಿಲ್ಲಲಿಲ್ಲ.

ಸಪ್ಲಿಮೆಂಟ್ ಕಥೆ ಶುರುವಾಗೋದು ಇಲ್ಲಿಂದ, ಆದ್ರೆ ಅದಕ್ಕೂ ಮುಂಚೆ ನಾನು ಮಾಡಿದ್ದ ಘನಂದಾರಿ ಕೆಲಸ ಒಂದು ಹೇಳ್ಬಿಡ್ತೀನಿ. ಡಾಕ್ಟರ್ ಏನು ತಿನ್ನಿಸ್ತೀರಾ ಅಂತ ಕೇಳಿದಾಗ ಬಹಳ ಹೆಮ್ಮೆಯಿಂದ ಹೇಳಿದೆ, ದಿನಾ ಫ್ರೆಶ್ ನುಗ್ಗೆಸೊಪ್ಪು, ದಂಟಿನ ಸೊಪ್ಪು, ಮತ್ತೆ ಹಸು ಸಾಕಿರೋ ಹಾಲಿನವರ ಹತ್ರ ಕುದುರೆಮೆಂತ್ಯ ತರಿಸ್ತೀನಿ ಅಂತ. ಅವರು ಪೆನ್ ಕೆಳಗಿಟ್ಟು ನನ್ನ ಮುಖ ನೋಡಿದ್ರು. ಕುದುರೆಮೆಂತ್ಯ ಅಂದ್ರೆ ಲೂಸರ್ನ್, ಅದೇ ಆಲ್ಫಾಲ್ಫಾ, ಬೆಳೆಯೋ ಮರಿಗೆ, ಬಸುರಿಗೆ ಸರಿ, ವಯಸ್ಸಾದವಕ್ಕೆ ಕ್ಯಾಲ್ಸಿಯಂ ವಿಪರೀತ. ನುಗ್ಗೆಸೊಪ್ಪಂತೂ ಮನುಷ್ಯರಿಗೆ ಕ್ಯಾಲ್ಸಿಯಂಗೋಸ್ಕರಾನೇ ತಿನ್ನಿ ಅಂತ ಹೇಳೋದು. ನಮ್ಮ ದೇಹ ಊಟದಲ್ಲಿರೋ ಕ್ಯಾಲ್ಸಿಯಂನಲ್ಲಿ ಬೇಕಾದಷ್ಟು ತಗೊಂಡು ಮಿಕ್ಕಿದ್ದನ್ನ ಬಿಟ್ಟುಬಿಡುತ್ತೆ, ಇವು ಹಾಗಲ್ಲ, ಬಂದಿದ್ದನ್ನ ಜಾಸ್ತಿ ಪಾಲು ಒಳಗೆ ಎಳ್ಕೊಂಡು ಬೇಡದ್ದನ್ನ ಉಚ್ಚೆಯಲ್ಲಿ ಹೊರಗೆ ಹಾಕೋದು. ಅವುಗಳ ಉಚ್ಚೆ ಪಿಎಚ್ 8ರಿಂದ 9, ಕ್ಷಾರ, ಅದ್ರಲ್ಲಿ ಕಾರ್ಬೊನೇಟ್ ಕರಗಲ್ಲ. ನಮ್ಮ ಏರಿಯಾದಲ್ಲಿ ಬೋರ್‌ವೆಲ್ ನೀರಿಗೆ ಗೀಸರ್ ಕಾಯಿಲ್ ಮೇಲೆ ಬಿಳೀ ಪೊರೆ ಕಟ್ಟುತ್ತಲ್ಲ, ಅದೇ ವಸ್ತು ಅವಳ ಹೊಟ್ಟೇಲಿ ಕಟ್ತಾ ಇತ್ತು, ನಾನೇ ಪ್ರೀತಿಯಿಂದ ಕಟ್ಟೆ ಕಟ್ಟು ತಂದು ಹಾಕ್ತಿದ್ದೆ.

ಈಗ ಟಿಮೊಥಿ ಹೇ ಅನ್ನೋ ಒಣಹುಲ್ಲು, ಗರಿಕೆ, ದೊಣ್ಣೆಮೆಣಸಿನಕಾಯಿ, ಸೌತೆಕಾಯಿ, ಲೆಟ್ಯೂಸ್, ಕೊತ್ತಂಬರಿ ಅಪರೂಪಕ್ಕೆ ನಾಲ್ಕು ಕಡ್ಡಿ. ಹಾಗಂತ ಕ್ಯಾಲ್ಸಿಯಂ ಪೂರ್ತಿ ನಿಲ್ಲಿಸೋ ಹಾಗೂ ಇಲ್ಲ, ಮೂಳೆ ಹಲ್ಲು ಬೇಕಲ್ಲ.

ಸರಿ, ಸಪ್ಲಿಮೆಂಟ್. ಮೊದಲನೇದು ವಿಟಮಿನ್ ಸಿ, ಇದು ಉಚ್ಚೆಗೆ ಅಂತಲ್ಲ, ಎಲ್ಲಾ ಗಿನಿಪಿಗ್‌ಗೂ ಬೇಕೇ ಬೇಕು ಯಾಕಂದ್ರೆ ನಮ್ಮ ಹಾಗೇನೇ ಅವೂ ಅದನ್ನ ದೇಹದಲ್ಲಿ ತಯಾರು ಮಾಡ್ಕೊಳ್ಳೋಕೆ ಆಗಲ್ಲ. ಕೆಜಿ ತೂಕಕ್ಕೆ ದಿನಕ್ಕೆ 10ರಿಂದ 30 ಮಿಲಿಗ್ರಾಂ. ನಾನು ಮಾಡಿದ ತಪ್ಪು ಏನಂದ್ರೆ ಮೆಡಿಕಲ್ ಶಾಪಲ್ಲಿ ಸಿಗೋ ಕಿತ್ತಳೆ ಬಣ್ಣದ 500 ಮಿಲಿಗ್ರಾಂ ಚೀಪೋ ಮಾತ್ರೆ ಕಾಲು ಭಾಗ ಕೊಡ್ತಾ ಇದ್ದೆ. ಲೆಕ್ಕ ಹಾಕಿ ನೋಡಿ, 125 ಆಯ್ತು, 940 ಗ್ರಾಂ ಪ್ರಾಣಿಗೆ. ಅದರ ಮೇಲೆ ಸಕ್ಕರೆ ಬೇರೆ. ಡಾಕ್ಟರ್ ಅದನ್ನ ನಿಲ್ಲಿಸಿ ದೊಣ್ಣೆಮೆಣಸಿನಕಾಯಿ ಒಂದೆರಡು ಹೋಳು ಮತ್ತೆ ಅವುಗಳಿಗೇ ಅಂತ ಮಾಡಿರೋ ಚಿಕ್ಕ ಮಾತ್ರೆ ಕೊಡಿ ಅಂದ್ರು. ಕುಡಿಯೋ ನೀರಿನ ಬಾಟ್ಲಿಗೆ ಡ್ರಾಪ್ಸ್ ಹಾಕೋದು ದಂಡ, ಬೆಳಕಿಗೆ ಗಾಳಿಗೆ ಬೇಗ ಕೆಡುತ್ತೆ, ರುಚಿ ಬದಲಾಯ್ತು ಅಂತ ನೀರೇ ಕುಡಿಯಲ್ಲ, ಉಚ್ಚೆ ತೊಂದ್ರೆ ಇರೋರಿಗೆ ಅದಕ್ಕಿಂತ ಕೆಟ್ಟದ್ದು ಇನ್ನೇನಿದೆ.

ಕ್ರ್ಯಾನ್‌ಬೆರಿ ಬಗ್ಗೆ ಎಲ್ರೂ ಹೇಳ್ತಾರೆ. ಮನುಷ್ಯರಲ್ಲಿ ಅದು ಈ-ಕೋಲೈ ಬ್ಯಾಕ್ಟೀರಿಯಾ ಮೂತ್ರಕೋಶದ ಗೋಡೆಗೆ ಅಂಟದ ಹಾಗೆ ನೋಡ್ಕೊಳ್ಳುತ್ತೆ ಅನ್ನೋದು ವಾದ. ನಮ್ಮ ಪ್ರಾಬ್ಲಮ್ ಬ್ಯಾಕ್ಟೀರಿಯಾ ಅಲ್ಲ, ಉಚ್ಚೆನ ಲ್ಯಾಬಲ್ಲಿ ಕಲ್ಚರ್ ಮಾಡಿಸಿದ್ರೆ ಬ್ಯಾಕ್ಟೀರಿಯಾ ಏನೂ ಬೆಳೀಲಿಲ್ಲ. ಬಿಟ್ಟೆ.

ನಮ್ಮ ಚಿಕ್ಕಮ್ಮ ಬಾಳೆದಿಂಡಿನ ರಸ ಕೊಡು, ಚಿಕ್ಕಪ್ಪಂಗೆ ಎರಡು ಕಲ್ಲು ಬಿತ್ತು ಅಂತ. ಇನ್ನೊಬ್ರು ನೆಗ್ಗಿಲು ಮುಳ್ಳಿನ ಕಷಾಯ. ಆಯುರ್ವೇದದ ಕಿಡ್ನಿ ಸ್ಟೋನ್ ಮಾತ್ರೇನ ಎಂಟು ಭಾಗ ಮಾಡಿ ಕೊಡ್ತೀನಿ ಅನ್ನೋರೂ ಇದಾರೆ. ಕೇಳ್ದೆ ಡಾಕ್ಟರ್‌ನ. ಅವರು ಬೈಲಿಲ್ಲ, ಇಷ್ಟೇ ಅಂದ್ರು: ಉಚ್ಚೆ ಜಾಸ್ತಿ ಮಾಡಿಸೋ ಔಷಧಿ ಕೊಟ್ಟು ನೀರು ಕುಡಿಸದೇ ಇದ್ರೆ ಒಳಗೆ ಉಳಿಯೋದು ಇನ್ನೂ ಗಟ್ಟಿ ಸುಣ್ಣ, ಮತ್ತೆ ಒಂದು ಕೆಜಿ ಪ್ರಾಣಿಗೆ ಆ ಕಷಾಯದ ಅಳತೆ ಯಾರು ಹೇಳ್ತಾರೆ. ಕಲ್ಲು ಕಟ್ಟದೇ ಇರಲಿ ಅಂತ ಕೊಡೋ ಪೊಟ್ಯಾಸಿಯಂ ಸಿಟ್ರೇಟ್ ಅನ್ನೋದೂ ಇದೆ, ಅದು ರಕ್ತ ಪರೀಕ್ಷೆ ಮಾಡಿಸಿ ಡಾಕ್ಟರ್ ಕೈಯಲ್ಲೇ ತಗೋಬೇಕಾದ್ದು.

ಕೊನೆಗೆ ಉಳಿದಿದ್ದು ಗ್ಲೂಕೋಸಮೈನ್, ಮಂಡಿ ನೋವಿಗೆ ತಗೊಳ್ತಾರಲ್ಲ ಅದೇ. ಮೂತ್ರಕೋಶದ ಒಳಗೋಡೆ ಮೇಲೆ ಲೋಳೆ ಥರದ ಒಂದು ಪದರ ಇರುತ್ತೆ, ಉಚ್ಚೆ ನೇರ ಗೋಡೆಗೆ ತಾಗದ ಹಾಗೆ. ಪದೇ ಪದೇ ಸ್ಲಡ್ಜ್ ಉಜ್ಜಿ ಉಜ್ಜಿ, ಉರಿಯೂತ ಆಗಿ ಅದು ಸವೆದ್ರೆ ಇನ್‌ಫೆಕ್ಷನ್ ಇಲ್ಲದೇನೂ ಉರಿ ಇರುತ್ತೆ. ಆ ಪದರ ಕಟ್ಟೋಕೆ ಬೇಕಾದ ಸಾಮಾನುಗಳಲ್ಲಿ ಗ್ಲೂಕೋಸಮೈನ್ ಒಂದು, ಅದನ್ನ ಬಾಯಲ್ಲಿ ಕೊಟ್ರೆ ರಿಪೇರಿಗೆ ಸಹಾಯ ಆಗಬಹುದು ಅನ್ನೋ ಲೆಕ್ಕಾಚಾರ. ಬೆಕ್ಕುಗಳಿಗೆ ಅಂತ 125 ಮಿಲಿಗ್ರಾಂ ಕ್ಯಾಪ್ಸೂಲ್ ಬರುತ್ತೆ, ನಮ್ಮ ಡಾಕ್ಟರ್ ಇವಳ ತೂಕ ನೋಡಿ ದಿನಕ್ಕೆ ಒಂದು, ಅರ್ಧ ಬೆಳಗ್ಗೆ ಅರ್ಧ ರಾತ್ರಿ ಅಂದ್ರು. ಇದು ನಿಪ್ಪಟ್ಟಿನ ಲೆಕ್ಕ, ನಿಮ್ಮದನ್ನ ನೀವು ಕೇಳ್ಕೊಳ್ಳಿ.

ಮನೆಗೆ ತಂದೆ. ಅಮ್ಮ ಕನ್ನಡಕ ಹಾಕ್ಕೊಂಡು ಡಬ್ಬ ಓದಿದ್ರು, ಅದ್ರಲ್ಲಿ ಸಿಗಡಿ ಏಡಿ ಚಿಪ್ಪಿಂದ ತೆಗೆದಿದ್ದು ಅಂತ ಇತ್ತು. "ಈ ಮನೇಲಿ ಮೊಟ್ಟೆ ಒಳಗೆ ಬಂದಿಲ್ಲ, ಹುಲ್ಲು ತಿನ್ನೋ ಪ್ರಾಣಿಗೆ ಸಿಗಡಿ ತಿನ್ನಿಸ್ತಾಳಂತೆ." ಎರಡು ದಿನ ಮಾತಿಲ್ಲ. ಮೂರನೇ ದಿನ ರಾತ್ರಿ ನಾನು ಆಫೀಸಿಂದ ಲೇಟಾಗಿ ಬಂದಾಗ ನೋಡಿದ್ರೆ ಅಮ್ಮನೇ ಹಳೇ ಟವೆಲ್ಲಲ್ಲಿ ನಿಪ್ಪಟ್ಟನ್ನ ಸುತ್ತಿ, ಮಡಿಲಲ್ಲಿ ಇಟ್ಕೊಂಡು ಸಿರಿಂಜಲ್ಲಿ ಕುಡಿಸ್ತಾ ಇದ್ರು, ಸೆರಗನ್ನ ಮಾತ್ರ ದೂರಕ್ಕೆ ಹಿಡ್ಕೊಂಡಿದ್ರು. ಕ್ಯಾಪ್ಸೂಲ್ ಡಬ್ಬಕ್ಕೆ ಈಗಲೂ ದೇವರ ಮನೆ ಗೋಡೆ ಪಕ್ಕದ ಶೆಲ್ಫಲ್ಲಿ ಜಾಗ ಇಲ್ಲ, ಅದು ವಾಷಿಂಗ್ ಮಷೀನ್ ಮೇಲೆ ಇರೋದು.

ಕುಡಿಸೋದು ಹೇಗಂದ್ರೆ, ಕ್ಯಾಪ್ಸೂಲ್ ಬಿಚ್ಚಿ ಅರ್ಧ ಪುಡೀನ ಐದು ಎಂಎಲ್ ಉಗುರುಬೆಚ್ಚಗಿನ ನೀರಲ್ಲಿ ಕದಡಿ, ಸೂಜಿ ಇಲ್ಲದ ಒಂದು ಎಂಎಲ್ ಸಿರಿಂಜಲ್ಲಿ, ಮುಂಹಲ್ಲಿನ ಪಕ್ಕದಿಂದ, ಸ್ವಲ್ಪ ಸ್ವಲ್ಪ. ಮಲಗಿಸಿ ನೇರ ಗಂಟಲಿಗೆ ಹಾಕಬಾರದು, ಶ್ವಾಸಕೋಶಕ್ಕೆ ಹೋಗುತ್ತೆ. ಮೊದಲ ವಾರ ತಲೆ ಕೊಡವಿ ನನ್ನ ಕನ್ನಡಕದ ಮೇಲೆಲ್ಲ ಎರಚಿದ್ಲು, ಈಗ ಸಿರಿಂಜ್ ನೋಡಿದ್ರೆ ಅವಳೇ ಬಂದು ಕಚ್ಕೊಳ್ತಾಳೆ.

ಸುಮಾರು ಮೂರು ವಾರಕ್ಕೆ ಕುಂಯ್ ಕಮ್ಮಿಯಾಯ್ತು. ನಾನು ಸಿಕ್ಕಿದೋರಿಗೆಲ್ಲ ಗ್ಲೂಕೋಸಮೈನ್ ಗ್ಲೂಕೋಸಮೈನ್ ಅಂತ ಹೇಳ್ಕೊಂಡು ತಿರುಗಿದೆ. ಆಮೇಲೆ ಒಂದು ದಿನ ರೀಚೆಕ್‌ಗೆ ಹೋದಾಗ ಡಾಕ್ಟರ್ ನಗ್ತಾ ಒಂದು ವಿಷಯ ಹೇಳಿದ್ರು. ಇದೇ ಥರ ಮೂತ್ರಕೋಶದ ಉರಿ ಇರೋ ಬೆಕ್ಕುಗಳ ಮೇಲೆ ಗ್ಲೂಕೋಸಮೈನ್ ಟ್ರಯಲ್ ಮಾಡಿದ್ರು, 2004ರಲ್ಲಿ ಪ್ರಕಟ ಆಯ್ತು, 40 ಬೆಕ್ಕು, ಅರ್ಧಕ್ಕೆ ನಿಜವಾದ ಕ್ಯಾಪ್ಸೂಲ್ ಅರ್ಧಕ್ಕೆ ಡಮ್ಮಿ. ಎರಡೂ ಗುಂಪು ಸುಧಾರಿಸಿದವು, ಹೇಳಿಕೊಳ್ಳೋವಂಥ ವ್ಯತ್ಯಾಸ ಇರಲಿಲ್ಲ. ಅದೇ ಟೈಮಲ್ಲಿ ಬಹಳ ಬೆಕ್ಕುಗಳು ಒಣ ಊಟ ಬಿಟ್ಟು ನೀರಿನಂಶ ಇರೋ ಊಟಕ್ಕೆ ಬದಲಾಗಿದ್ವಂತೆ.

ಆಟೋದಲ್ಲಿ ವಾಪಸ್ ಬರ್ತಾ ಲೆಕ್ಕ ಹಾಕಿದೆ. ಐದು ಎಂಎಲ್ ಎರಡು ಹೊತ್ತು, ಸಿರಿಂಜ್ ತೊಳೆದು ಕುಡಿಸೋ ನೀರು ಬೇರೆ, ಸೊಪ್ಪನ್ನೆಲ್ಲ ಒರೆಸದೇ ಒದ್ದೆಯಾಗೇ ಕೊಡೋಕೆ ಶುರು ಮಾಡಿದ್ದೂ ಅದೇ ವಾರ, ನುಗ್ಗೆ ನಿಲ್ಲಿಸಿದ್ದೂ ಅದೇ ತಿಂಗಳು. ನಾನು ಔಷಧಿ ಕುಡಿಸ್ತಿದ್ದೀನಿ ಅಂದ್ಕೊಂಡು ನೀರು ಕುಡಿಸ್ತಾ ಇದ್ನಾ?

ಒಂದ್ಸಲ ಇದು ತಾನಾಗೇ ಟೆಸ್ಟೂ ಆಯ್ತು. ಕ್ಯಾಪ್ಸೂಲ್ ಸ್ಟಾಕ್ ಇಲ್ಲ ಅಂತ ಮೂರು ವಾರ ಬರಲಿಲ್ಲ, ಅಷ್ಟೂ ದಿನ ಬರೀ ನೀರು ಕುಡಿಸಿದೆ. ಹತ್ತು ದಿನ ಏನೂ ಇಲ್ಲ, ಆರಾಮಾಗಿದ್ಲು, ನಾನು ದುಡ್ಡು ಉಳೀತು ಅಂತ ಖುಷಿಪಟ್ಟೆ. ಹನ್ನೊಂದನೇ ದಿನ ಮತ್ತೆ ಕುಂಯ್. ಆದ್ರೆ ಅವತ್ತು ನರಕಚತುರ್ದಶಿ, ಬೆಳಗಿನ ಜಾವದಿಂದ ನಮ್ಮ ಬೀದೀಲಿ ಲಕ್ಷ್ಮೀ ಪಟಾಕಿ, ಅವಳು ಮೂಲೆ ಬಿಟ್ಟು ಅಲ್ಲಾಡಿರಲಿಲ್ಲ, ನೀರಿನ ಬಾಟ್ಲಿ ಹತ್ರಾನೂ ಹೋಗಿರಲಿಲ್ಲ. ಟೆನ್ಷನ್ ಆದ್ರೂ ಈ ಉರಿ ಕೆರಳುತ್ತೆ. ಕ್ಯಾಪ್ಸೂಲ್ ತಪ್ಪಿದ್ದಕ್ಕೋ ಪಟಾಕಿಗೋ, ನಿಪ್ಪಟ್ಟನ್ನೇ ಕೇಳ್ಬೇಕು. ಸ್ಟಾಕ್ ಬಂದ ತಕ್ಷಣ ಮತ್ತೆ ತರಿಸಿದೆ. ನನಗೆ ಅದರ ಮೇಲೆ ಮೊದಲಿನ ಭಕ್ತಿ ಇಲ್ಲ, ಆದ್ರೆ ಬರೀ ನೀರಾದ್ರೆ ಮನೇಲಿ ಯಾರೋ ಒಬ್ರು ಒಂದು ಹೊತ್ತು ಮರೀತೀವಿ, ಔಷಧಿ ಅಂದ್ರೆ ಅಮ್ಮ ಅಲಾರಂ ಇಟ್ಕೊಂಡು ಕುಡಿಸ್ತಾರೆ. ತಿಂಗಳ ಖರ್ಚನ್ನ ನಾನು ಈ ಅಲಾರಂ ಲೆಕ್ಕಕ್ಕೆ ಬರೆದುಕೊಂಡಿದೀನಿ.

ನಿಜವಾಗಿ ಕೆಲಸಕ್ಕೆ ಬಂದಿದ್ದು ಎರಡು ತುಂಡು ಬಟ್ಟೆ. ಗೂಡಿನ ಅರ್ಧಕ್ಕೆ ಅಪ್ಪನ ಹಳೇ ಬಿಳೀ ಪಂಚೆ, ಇನ್ನರ್ಧಕ್ಕೆ ನನ್ನ ಹಳೇ ಕಪ್ಪು ಶಾಲು. ರಕ್ತ ಬಂದ್ರೆ ಪಂಚೆ ಮೇಲೆ ಕಾಣುತ್ತೆ, ಸುಣ್ಣ ಬಂದ್ರೆ ಶಾಲಿನ ಮೇಲೆ. ಒಣಗಿದ ಮೇಲೆ ಬಿಳೀ ಪುಡಿ ಸ್ವಲ್ಪ ಇರೋದು ಇವುಗಳಿಗೆ ಮಾಮೂಲಿ, ಹೆದರಬೇಡಿ. ಬೆರಳಲ್ಲಿ ಉಜ್ಜಿ ನೋಡಬೇಕು (ಹೌದು, ಉಜ್ಜಬೇಕು, ಕೈ ತೊಳ್ಕೊಂಡ್ರೆ ಆಯ್ತು), ಪೌಡರ್ ಥರ ನುಣ್ಣಗಿದ್ರೆ ಪರವಾಗಿಲ್ಲ, ಚಿರೋಟಿ ರವೆ ಥರ ತರಿತರಿ ಸಿಕ್ಕಿದ್ರೆ ಆ ವಾರ ನೀರು ಜಾಸ್ತಿ ಮತ್ತೆ ಡಾಕ್ಟರ್‌ಗೆ ಫೋನು. ಉಚ್ಚೆ ಮಾಡೋಕೆ ನಿಂತು ಏನೂ ಬರದೇ ಇದ್ರೆ ಫೋನಲ್ಲ, ಆ ಕ್ಷಣ ಆಟೋ, ಕಲ್ಲು ದಾರಿ ಮುಚ್ಚಿರಬಹುದು. ಮತ್ತೆ ಕಿಚನ್ ತಕ್ಕಡಿ, ಪ್ರತಿ ಭಾನುವಾರ. ಊಟ ಬಿಟ್ಟಿದ್ದು ನಮ್ಮ ಕಣ್ಣಿಗೆ ಬೀಳೋಕೆ ಮುಂಚೆ ಗ್ರಾಮಲ್ಲಿ ಬೀಳುತ್ತೆ.

ಈ ಭಾನುವಾರ 905. ಹೋದ ವಾರ 910 ಇತ್ತು. ತಕ್ಕಡಿ ಮೇಲೆ ಕೂತು ಉಚ್ಚೆ ಮಾಡಿದ್ಲು, ಆ ಐದು ಗ್ರಾಂ ಅದೇ ಅಂತ ಅಮ್ಮನ ವಾದ. ಸದ್ದು ಬರಲಿಲ್ಲ.