ಗದಗಿನಾಗ ಎಸಿಪಿ ಇರೂದಿಲ್ರಿ

ಕನ್ನಡದ ಪತ್ತೇದಾರಿ ಕಾದಂಬರಿ ಇರಲಿ, ಸಿನಿಮಾ ಇರಲಿ, ವೆಬ್ ಸರಣಿ ಇರಲಿ, ಹೆಣ ಸಿಕ್ಕ ಹತ್ತು ನಿಮಿಷದೊಳಗೆ ಒಬ್ಬ ಸಾಹೇಬರು ‘302 ಹಾಕ್ರಿ’ ಅನ್ನುವುದು ರೂಢಿ. 2024ರ ಜುಲೈ 1ರಿಂದ ಈಚೆ ನಡೆಯುವ ಕಥೆಯಲ್ಲಿ ಈ ಮಾತು ಬಂದರೆ ನಗು ಬರುತ್ತದೆ. 302 ಇದ್ದದ್ದು ಹಳೆಯ ದಂಡ ಸಂಹಿತೆಯಲ್ಲಿ; ಅಂದಿನಿಂದ ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕೊಲೆಯ ಶಿಕ್ಷೆ ಇರುವುದು ಕಲಂ 103ರಲ್ಲಿ. 302 ಎಲ್ಲೂ ಹೋಗಿಲ್ಲ, ಆದರೆ ಈಗ ಅದು ಬೇಕಂತಲೇ ಇನ್ನೊಬ್ಬರ ಧಾರ್ಮಿಕ ಭಾವನೆ ನೋಯಿಸುವ ಮಾತಾಡಿದವರಿಗೆ ಹಾಕುವ ಕಲಂ. ಕೊಲೆ ಯತ್ನದ 307 ಈಗ 109 ಆಗಿದೆ. ಹೊಸ 307 ಕಳವಿನದೊಂದು ಬಗೆ. ‘ಅಂವಾ ದೊಡ್ಡ 420 ಅದಾನ’ ಅಂತ ಬೈಯುವವರ ಗತಿ ಇನ್ನೂ ಕಷ್ಟ, ಯಾಕೆಂದರೆ ಹೊಸ ಸಂಹಿತೆ 358ಕ್ಕೇ ಮುಗಿಯುತ್ತದೆ. ವಂಚನೆ 318(4)ರಲ್ಲಿದೆ. ‘ಅಂವಾ 318ರ 4 ಅದಾನ’ ಅಂದರೆ ಬೈಗುಳದ ಖಾರವೇ ಇಳಿದುಹೋಗುತ್ತದೆ. ‘144 ಜಾರಿ’ ಅನ್ನುವುದು ಈಗ 163. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 144 ಹೆಂಡತಿ, ಮಕ್ಕಳು, ತಂದೆ-ತಾಯಿಗೆ ಜೀವನಾಂಶ ಕೊಡಿಸುವ ಕಲಂ. ಗಲಭೆ ಆದ ಊರಿನಲ್ಲಿ ಅದನ್ನು ಜಾರಿ ಮಾಡಿದರೆ ಗಂಡಸರೆಲ್ಲ ಮನೆಗೆ ಓಡಬಹುದು, ಬೇರೆ ಕಾರಣಕ್ಕೆ.

ಅಂಕಿ ತಿದ್ದುವುದು ಒಂದು ಸಂಜೆಯ ಕೆಲಸ. ಕನ್ನಡದ ಅಪರಾಧ ಕಥೆಗಳು ಈಗಿನ ಕಾಲವನ್ನೇ ತಪ್ಪಿಸಿಕೊಂಡು ಓಡಾಡುತ್ತಿರುವುದು ಅದಕ್ಕಿಂತ ದೊಡ್ಡ ಮಾತು. 2019ರ ‘ಬೆಲ್ ಬಾಟಂ’ 1980ರ ದಶಕಕ್ಕೆ ಹೋಯಿತು. 2025ರಲ್ಲಿ ಬಂದ ‘ಅಜ್ಞಾತವಾಸಿ’ 1997ರ ಮಲೆನಾಡಿನ ಹಳ್ಳಿಯದು. ಅದೇ ವರ್ಷ ಜೀ5ನಲ್ಲಿ ಬಂದ ‘ಅಯ್ಯನ ಮನೆ’ ಸರಣಿಯೂ ತೊಂಬತ್ತರ ದಶಕದ ಮಲೆನಾಡಿನದೇ. ‘ಅಜ್ಞಾತವಾಸಿ’ಯಲ್ಲಿ ರಂಗಾಯಣ ರಘು ಅವರನ್ನು ನೋಡಿದವರಿಗೆ ಆ ನಿಧಾನಗತಿಯ ಬೆಲೆ ಗೊತ್ತು. ಆದರೆ ಎಲ್ಲರೂ ಅಲ್ಲಿಗೇ ಹೊರಟರೆ ಅನುಮಾನ ಬರುತ್ತದೆ: ಮೊಬೈಲ್, ಸಿಸಿಟಿವಿ, ಹೊಸ ಕಾನೂನು ಮೂರೂ ಸೇರಿ ಕುತೂಹಲವನ್ನು ಕೊಂದವು ಎಂಬ ಹೆದರಿಕೆ ಇದಕ್ಕೆ ಕಾರಣವೇ? ನನ್ನ ಮಟ್ಟಿಗೆ ಆ ಹೆದರಿಕೆ ಸುಳ್ಳು. ಈಗಿನ ತನಿಖೆಯ ಕ್ರಮ ಸರಿಯಾಗಿ ಗೊತ್ತಿದ್ದರೆ ಅದರಲ್ಲೇ ಹತ್ತು ಕಥೆಗಾಗುವಷ್ಟು ತಿರುವುಗಳಿವೆ. ಮಳೆ, ಮಂಜು, ಅಡಕೆ ತೋಟ ಸಾಕಾಗುವಷ್ಟು ಆಗಿವೆ, ಸ್ವಲ್ಪ ಕರಿಮಣ್ಣಿನ ಎರೆಹೊಲದ ಕಡೆಗೂ ಬರೋಣ.

ಮೊದಲು ಯಾರ ಹದ್ದು, ಅಂದರೆ ಯಾವ ಪೊಲೀಸರ ಸರಹದ್ದು ಅನ್ನುವುದು. ಹುಬ್ಬಳ್ಳಿ-ಧಾರವಾಡ ಅವಳಿ ನಗರಕ್ಕೆ ಪೊಲೀಸ್ ಕಮಿಷನರೇಟ್ ಇದೆ. ಅಲ್ಲಿ ಮೇಲಿನಿಂದ ಕೆಳಕ್ಕೆ ಕಮಿಷನರ್, ಡಿಸಿಪಿ, ಎಸಿಪಿ (ಸಹಾಯಕ ಕಮಿಷನರ್), ಇನ್‌ಸ್ಪೆಕ್ಟರ್, ಪಿಎಸ್‌ಐ. ಊರು ದಾಟಿ ಕುಂದಗೋಳ, ನವಲಗುಂದ, ಕಲಘಟಗಿ ಅಂತ ಹೊರಟಿರೋ, ಅದು ಜಿಲ್ಲಾ ಎಸ್‌ಪಿ ಅವರ ಹದ್ದು. ಗದಗ, ಹಾವೇರಿ ಪೂರ್ತಿ ಹಾಗೆಯೇ: ಎಸ್‌ಪಿ, ಹೆಚ್ಚುವರಿ ಎಸ್‌ಪಿ, ಡಿವೈಎಸ್‌ಪಿ, ಸಿಪಿಐ, ಪಿಎಸ್‌ಐ. ಗದಗಿನ ಕಥೆಯಲ್ಲಿ ‘ಎಸಿಪಿ ವಿಕ್ರಮ್’ ಜೀಪಿನಿಂದ ಇಳಿದರೆ ಬೆಟಗೇರಿಯ ಓದುಗ ಅಲ್ಲೇ ಪುಸ್ತಕ ಮುಚ್ಚುತ್ತಾನೆ. ನಿಷೇಧಾಜ್ಞೆಯನ್ನೂ ಹುಬ್ಬಳ್ಳಿಯಲ್ಲಿ ಕಮಿಷನರೇ ಹೊರಡಿಸುತ್ತಾರೆ, ಗದಗಿನಲ್ಲಿ ಅದು ಡಿಸಿ ಸಾಹೇಬರ ಕೆಲಸ. ಗಲಭೆಯ ಹಿನ್ನೆಲೆಯಲ್ಲಿ ಕೊಲೆ ಇಟ್ಟರೆ ಎಸ್‌ಪಿ, ಡಿಸಿ ಇಬ್ಬರು ಅಧಿಕಾರಿಗಳ ನಡುವಿನ ಎಳೆದಾಟ ಗದಗಿನಲ್ಲಿ ಸಹಜವಾಗಿ ಹುಟ್ಟುತ್ತದೆ, ಹುಬ್ಬಳ್ಳಿಯಲ್ಲಿ ಹುಟ್ಟುವುದಿಲ್ಲ.

ರೈಲ್ವೆ ಸ್ಟೇಷನ್ನಿನ ಲೆಕ್ಕವೇ ಬೇರೆ. ಫಲಾಟಿನ (ಪ್ಲಾಟ್‌ಫಾರ್ಮಿನ) ಮೇಲೆ ಹೆಣ ಸಿಕ್ಕರೆ ಕೊಲೆಯ ತನಿಖೆ ಮಾಡುವವರು ರಾಜ್ಯದ ರೈಲ್ವೆ ಪೊಲೀಸರು. ರೈಲ್ವೆ ಆಸ್ತಿ ಕಾಯುವ ಆರ್‌ಪಿಎಫ್ ಅಲ್ಲ. ಖಾಕಿ ಎರಡೂ ಕಡೆ ಇರುವುದರಿಂದ ಲೇಖಕರು ಇಲ್ಲಿ ಎಡವುತ್ತಲೇ ಇರುತ್ತಾರೆ. ಹುಬ್ಬಳ್ಳಿಯ ಉದ್ದನೆಯ ಫಲಾಟು 1,507 ಮೀಟರ್, ಜಗತ್ತಿನಲ್ಲೇ ಉದ್ದದ್ದು. ಸಾದಾ ನಡಿಗೆಯಲ್ಲಿ ಒಂದು ತುದಿಯಿಂದ ಇನ್ನೊಂದಕ್ಕೆ ಹದಿನೆಂಟು ನಿಮಿಷ ಬೇಕು. ‘ನಾ ಆ ತುದ್ಯಾಗ ಚಾ ಕುಡ್ಯಾಕತ್ತಿದ್ನಿರಿ’ ಅನ್ನುವ ಆರೋಪಿಯ ಮಾತನ್ನು ಅಳೆಯಲು ಆ ಹದಿನೆಂಟು ನಿಮಿಷ ಸಾಕು. ಇಷ್ಟು ಚೆಂದದ ಅಳತೆಗೋಲು ಊರಿನ ನಡುವೆ ಬಿದ್ದಿರುವಾಗ ಯಾರೂ ಅದನ್ನು ಕಥೆಗೆ ಎತ್ತಿಕೊಳ್ಳದಿರುವುದು ಸೋಜಿಗ.

‘ಇದು ನಮ್ಮ ಹದ್ದಿನಾಗ ಬರೂದಿಲ್ಲ, ಆ ಸ್ಟೇಷನ್ನಿಗೆ ಹೋಗ್ರಿ’ ಅನ್ನುವ ಹಳೆಯ ದೃಶ್ಯಕ್ಕೂ ಈಗ ಬೇರೆ ಅರ್ಥ. ಘಟನೆ ಎಲ್ಲೇ ನಡೆದಿರಲಿ, ಫಿರ್ಯಾದನ್ನು ಯಾವ ಠಾಣೆಯಲ್ಲಾದರೂ ದಾಖಲಿಸಬೇಕು ಅಂತ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರಲ್ಲೇ ಬರೆದಿದೆ. ಹೀಗೆ ಹದ್ದು ನೋಡದೆ ದಾಖಲಿಸುವ ಜೀರೋ ಎಫ್‌ಐಆರ್ ಮೊದಲೂ ಇತ್ತು, ಆದರೆ ಅಧಿಕಾರಿಯ ಮರ್ಜಿಗೆ ತಕ್ಕಂತೆ ನಡೆಯುತ್ತಿತ್ತು. ಫಿರ್ಯಾದನ್ನು ಆನ್‌ಲೈನ್ ಕಳಿಸಲೂ ಅವಕಾಶವಿದೆ, ಮೂರು ದಿನದೊಳಗೆ ಸಹಿ ಹಾಕಬೇಕು. ಫಿರ್ಯಾದು ಕಳಿಸಿದವನು ಸಹಿ ಹಾಕುವ ಮೊದಲೇ ಕಾಣೆಯಾದರೆ? ಕಥೆ ಬೇಕಾದವರು ಎತ್ತಿಕೊಳ್ಳಬಹುದು.

ಹೆಣ ಸಿಕ್ಕ ಮೇಲಿನ ಕೆಲಸ ಶವ ಪಂಚನಾಮೆ. ಸ್ಥಳೀಯ ಗೌರವಸ್ಥರು ಕನಿಷ್ಠ ಇಬ್ಬರ ಎದುರು ನಡೆಯಬೇಕು, ವರದಿ 24 ತಾಸಿನೊಳಗೆ ಜಿಲ್ಲಾ ಅಥವಾ ಉಪವಿಭಾಗ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳು ಸಂಶಯ ಹುಟ್ಟಿಸುವಂತೆ ಸತ್ತಿದ್ದರೆ ಮಾತ್ರ ಪಂಚನಾಮೆ ಪೊಲೀಸರದಲ್ಲ, ಸಾಮಾನ್ಯವಾಗಿ ತಹಶೀಲ್ದಾರರು ಬರುತ್ತಾರೆ. ತೆರೆಯ ಮೇಲೆ ತಹಶೀಲ್ದಾರರು ಕಾಣುವುದೇ ಅಪರೂಪ. ಇನ್‌ಸ್ಪೆಕ್ಟರ್ ಒಬ್ಬನೇ ಬಂದು, ಬಿಳಿ ಬಟ್ಟೆ ಸರಿಸಿ, ಕನ್ನಡಕ ತೆಗೆದು ಆಕಾಶ ನೋಡುತ್ತಾನೆ. ತಹಶೀಲ್ದಾರರು ಬರುವ ತನಕ ನೇಣಿನಿಂದ ಹೆಣ ಕೆಳಗಿಳಿಸದೆ ಕಾಯುವ ಆ ಎರಡು ತಾಸಿನಲ್ಲಿ, ಅಂಗಳದಲ್ಲಿ ತವರಿನವರು ಒಂದು ಕಡೆ, ಗಂಡನ ಮನೆಯವರು ಇನ್ನೊಂದು ಕಡೆ ಕೂತಿರುತ್ತಾರಲ್ಲ, ನಾಟಕ ಇರುವುದು ಅಲ್ಲಿ.

ಜಪ್ತಿಯ ದೃಶ್ಯ ಪೂರ್ತಿ ಬದಲಾಗಬೇಕು. ಅದೇ ಸುರಕ್ಷಾ ಸಂಹಿತೆಯ ಕಲಂ 105ರ ಪ್ರಕಾರ ಶೋಧ ಮತ್ತು ಜಪ್ತಿಯನ್ನು ಆಡಿಯೊ-ವಿಡಿಯೊ ಚಿತ್ರೀಕರಿಸಬೇಕು, ಮೊಬೈಲ್ ಆದರೂ ನಡೆಯುತ್ತದೆ, ಮತ್ತು ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಮೊದಲೆಲ್ಲ ಜಪ್ತಿಗೆ ಸಾಕ್ಷಿಯಾದ ಪಂಚರು ಕೋರ್ಟಿನಲ್ಲಿ ‘ಸಾಹೇಬ್ರು ಸಹಿ ಮಾಡು ಅಂದ್ರು, ಮಾಡೀನ್ರಿ’ ಅಂದುಬಿಟ್ಟರೆ ಕೇಸು ಅರ್ಧ ಬಿದ್ದುಹೋಗುತ್ತಿತ್ತು. ಈಗ ವಕೀಲರ ಕಣ್ಣು ವಿಡಿಯೊದ ಮೇಲೆ. ಬೀಗ ತೆಗೆದದ್ದಕ್ಕೂ ಚಿತ್ರೀಕರಣ ಶುರುವಾದದ್ದಕ್ಕೂ ನಡುವೆ ಹತ್ತು ನಿಮಿಷ ಯಾಕೆ? ಪೆಟ್ಟಿಗೆ ತೆರೆಯುವ ಮೊದಲೇ ಕಾನ್‌ಸ್ಟೇಬಲ್ ‘ಅದರಾಗ ಐತಿ’ ಅಂದದ್ದು ಹಿಂದೆ ಕೇಳಿಸುತ್ತದಲ್ಲ? ಪ್ರಾಮಾಣಿಕ ಅಧಿಕಾರಿಯೇ ಮುದ್ದೆಮಾಲನ್ನು (ಜಪ್ತಿಯ ಮಾಲನ್ನು) ಮೊದಲು ನೋಡಿ, ಆಮೇಲೆ ಮೊಬೈಲ್ ಆನ್ ಮಾಡಿದ್ದರೂ ಉತ್ತರ ಕೊಡುವುದು ಕಷ್ಟ. ನಿಜವಾದ ಕೊಲೆಗಾರ ಈ ಸಣ್ಣ ತಪ್ಪಿನಿಂದ ಬಿಡುಗಡೆಯಾಗುವ ಕಥೆ ಯಾವ ಕಾರ್ ಚೇಸಿಗಿಂತಲೂ ಚುರುಕು.

ಅಪರಾಧ ಕಥೆ ಬರೆಯುವವರು ಗೋಡೆಗೆ ಅಂಟಿಸಿಕೊಳ್ಳಬೇಕಾದ ಕಲಂ ಅಂದರೆ ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದ 23. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಡೆಯುವುದಿಲ್ಲ. ನಾಯಕ ಕತ್ತಲಕೋಣೆಯಲ್ಲಿ ಮೇಜು ಬಡಿದು, ಆರೋಪಿ ಬೆವರಿ, ‘ಹೌದು, ನಾನೇ’ ಅಂದಾಗ ಹಿನ್ನೆಲೆ ಸಂಗೀತ ಏರುತ್ತದೆ. ಕಾನೂನಿನ ಲೆಕ್ಕದಲ್ಲಿ ಅಲ್ಲಿ ಏನೂ ಆಗಿಲ್ಲ. ಆದರೆ ಒಂದು ಸಂದು ಇದೆ. ಆರೋಪಿ ‘ನಾನೇ ಹೊಡದೇನ್ರಿ, ಚಾಕು ಉಣಕಲ್ ಕೆರಿಯಾಗ ಒಗದೇನಿ’ ಅಂದ ಅನ್ನೋಣ. ಕೆರೆಯಲ್ಲಿ ಚಾಕು ಸಿಕ್ಕರೆ ಆ ವಾಕ್ಯದ ಎರಡನೇ ಅರ್ಧ ಸಾಕ್ಷ್ಯಕ್ಕೆ ಬರುತ್ತದೆ, ಮೊದಲನೆಯದು ಬರುವುದಿಲ್ಲ. ಚಾಕು ಅಲ್ಲಿದೆ ಅಂತ ಪೊಲೀಸರಿಗೆ ಮೊದಲೇ ಗೊತ್ತಿತ್ತು ಅಂತಾದರೆ ಎರಡನೇ ಅರ್ಧವೂ ನಿಲ್ಲುವುದಿಲ್ಲ. ತನಿಖಾಧಿಕಾರಿ ಕೆರೆಗೆ ಹೋದದ್ದು ಎಷ್ಟು ಗಂಟೆಗೆ, ಹೇಳಿಕೆ ಬರೆದುಕೊಂಡದ್ದು ಎಷ್ಟು ಗಂಟೆಗೆ ಅನ್ನುವ ಒಂದೇ ಪ್ರಶ್ನೆಯ ಮೇಲೆ ಇಡೀ ಕಾದಂಬರಿ ನಿಲ್ಲಿಸಬಹುದು.

ಕಸ್ಟಡಿಯ ಲೆಕ್ಕವೂ ತಿರುಗಿದೆ. ಹಳೆಯ ಕಾನೂನಿನಲ್ಲಿ ಪೊಲೀಸ್ ಕಸ್ಟಡಿ ಏನಿದ್ದರೂ ರಿಮಾಂಡಿನ ಮೊದಲ 15 ದಿನದೊಳಗೆ. ಆದ್ದರಿಂದಲೇ ದುಡ್ಡಿದ್ದ ಆರೋಪಿಗೆ ಎರಡನೇ ದಿನಕ್ಕೆ ಎದೆನೋವು ಬರುತ್ತಿತ್ತು, ಹದಿನಾರನೇ ದಿನಕ್ಕೆ ವಾಸಿಯಾಗುತ್ತಿತ್ತು. ಈಗ ಒಟ್ಟು ದಿನ ಹದಿನೈದೇ, ಆದರೆ ಕೊಲೆಯಂಥ ಕೇಸಿನಲ್ಲಿ ಮೊದಲ 60 ದಿನದೊಳಗೆ ತುಂಡು ತುಂಡಾಗಿಯೂ ಕೇಳಬಹುದು. ಎದೆನೋವಿನ ಆಟ ಮುಗಿಯಿತು. 90 ದಿನದೊಳಗೆ ದೋಷಾರೋಪ ಪಟ್ಟಿ ಸಲ್ಲಿಸದಿದ್ದರೆ ಮಾತ್ರ ಜಾಮೀನು ಆರೋಪಿಯ ಹಕ್ಕು.

ಸಿಸಿಟಿವಿ ಎಲ್ಲ ಹೇಳಿಬಿಡುತ್ತದೆ ಅನ್ನುವವರು ಅಂಗಡಿಯಲ್ಲಿ ದೃಶ್ಯ ಕೂಡಿಡುವ ಡಿವಿಆರ್ ಪೆಟ್ಟಿಗೆ ಬಿಚ್ಚಿ ನೋಡಿಲ್ಲ. ಡಿಸ್ಕು ತುಂಬಿದಂತೆ ಹಳೆಯದರ ಮೇಲೆ ಹೊಸದು ಬರೆಯುತ್ತ ಹೋಗುತ್ತದೆ. ಸಾಮಾನ್ಯ ಅಂಗಡಿಯಲ್ಲಿ ಎರಡು ವಾರ, ಹೆಚ್ಚೆಂದರೆ ಒಂದು ತಿಂಗಳು. ಎರಡು ತಿಂಗಳಾದ ಮೇಲೆ ನಾಯಕ ಹುಬ್ಬಳ್ಳಿಯ ದುರ್ಗದ ಬೈಲಿಗೆ ಬಂದು ಪೆನ್‌ಡ್ರೈವ್ ಕೇಳಿದರೆ ಸಿಗುವುದು ನಿನ್ನೆ ಮೊನ್ನೆಯ ಗಿರಾಕಿಗಳ ಮುಖ. ಕರೆಂಟು ಹೋಗಿ ಬಂದು ಗಡಿಯಾರ ತಪ್ಪಿದ ಪೆಟ್ಟಿಗೆಗಳೂ ಇರುತ್ತವೆ. ತೆರೆಯ ಮೇಲೆ 9.40 ಅಂತಿದ್ದರೆ ನಿಜ ಸಮಯ 10.15 ಇರಬಹುದು. ಆ ವ್ಯತ್ಯಾಸವನ್ನು ಪಂಚನಾಮೆಯಲ್ಲಿ ಬರೆಯದಿದ್ದರೆ ಆರೋಪಿಯ ವಕೀಲರಿಗೆ ಹಬ್ಬ. ಜತೆಗೆ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಬೇಕು: ಎರಡು ಭಾಗ, ಒಂದನ್ನು ದಾಖಲೆ ಕೊಡುವವರು, ಇನ್ನೊಂದನ್ನು ತಜ್ಞರು ತುಂಬಬೇಕು, ಫೈಲು ತಿದ್ದಿಲ್ಲ ಅಂತ ತೋರಿಸುವ ಗುರುತಾದ ಹ್ಯಾಶ್ ಮೌಲ್ಯವನ್ನೂ ಬರೆಯಬೇಕು. ಮೊಬೈಲ್ ಟವರ್ ಹೇಳುವುದು ಓಣಿಯನ್ನಲ್ಲ, ಒಂದು ಪ್ರದೇಶವನ್ನು. ಎರೆಹೊಲದ ನಡುವೆ ಟವರುಗಳು ದೂರ ದೂರ, ಆ ಪ್ರದೇಶ ಕೆಲವು ಕಿಲೋಮೀಟರ್ ಹಬ್ಬಿರುತ್ತದೆ.

ವೈದ್ಯರ ಬಾಯಲ್ಲಿ ‘ರಾತ್ರಿ 11.20ಕ್ಕೆ ಸಾವು’ ಅನ್ನಿಸಬೇಡಿ. ನಮ್ಮ ಏಪ್ರಿಲ್ ಬಿಸಿಲಿಗೆ ಹೆಣ ಬೇಗ ಸೆಟೆದು ಬೇಗ ಸಡಿಲಾಗುತ್ತದೆ. ಅವರು ಹೇಳುವುದು ಇಷ್ಟರಿಂದ ಇಷ್ಟು ತಾಸು ಅಂತ ಒಂದು ಅಂದಾಜು.

ಮಣ್ಣಿನ ಮಾತು ಬಿಟ್ಟರೆ ಈ ಸೀಮೆಗೆ ಅನ್ಯಾಯ. ಧಾರವಾಡ ಎರಡು ಮಣ್ಣುಗಳ ಗಡಿಯಲ್ಲಿ ಕೂತ ಊರು. ಮೂಡಲಕ್ಕೆ ನವಲಗುಂದ, ಅಣ್ಣಿಗೇರಿ, ಗದಗಿನ ಕಡೆ ಎರೆ. ಪಡುವಲಕ್ಕೆ ಕಲಘಟಗಿ, ಅಳ್ನಾವರದ ಕಡೆ ಕೆಂಪು ಮಸಾರಿ. ಮಳೆಗಾಲದಲ್ಲಿ ಎರೆ ಗಾಲಿಗೆ ಮೆತ್ತಿದರೆ ಸುಲಭಕ್ಕೆ ಬಿಡುವುದಿಲ್ಲ, ಮಡ್‌ಗಾರ್ಡಿನ ಒಳಗೆ ಒಣಗಿ ಗಟ್ಟಿಯಾಗಿ ಕೂತುಬಿಡುತ್ತದೆ. ‘ದಾಂಡೇಲಿಗೆ ಹೋಗಿದ್ವಿರಿ’ ಅನ್ನುವವನ ಕಾರಿನಡಿ ಕರಿ ಹೆಂಟೆ ಸಿಕ್ಕರೆ ಪ್ರಶ್ನೆ ಅಲ್ಲಿಂದಲೇ ಶುರುವಾಗಬೇಕು. ಧಾರವಾಡದಲ್ಲೇ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ ಇದೆ. ಮಣ್ಣು ಪರೀಕ್ಷಿಸುವ ಪಾತ್ರವೊಂದನ್ನು ಬೆಂಗಳೂರಿನಿಂದ ಕರೆಸುವ ಅಗತ್ಯವಿಲ್ಲ.

ಕೊನೆಗೆ ಬಾವಿ. ಗದಗ ಜಿಲ್ಲೆಯ ಹಾಳು ಬಾವಿಯೊಂದರ ಹೂಳೆತ್ತುವಾಗ ಈಗ ಅಸ್ಥಿಪಂಜರ ಸಿಕ್ಕಿತು ಅನ್ನಿ. ಮೊದಲು ಬೀಳುವುದು ಅಸ್ವಾಭಾವಿಕ ಸಾವಿನ ಯುಡಿಆರ್. ತಲೆಬುರುಡೆಯಲ್ಲಿ ಏಟಿನ ಗುರುತು ಕಂಡಮೇಲೆ ಅದು ಕೊಲೆ ಕೇಸು. ಎಫ್‌ಐಆರ್ ಈಗ ದಾಖಲಾಗುವುದರಿಂದ ತನಿಖೆ ಹೊಸ ಸಂಹಿತೆಯಂತೆ ನಡೆಯುತ್ತದೆ: ವಿಡಿಯೊ, 24 ತಾಸಿನ ವರದಿ, ಎಲ್ಲ. ಆದರೆ ಕೊಲೆ ನಡೆದದ್ದು 2024ರ ಜೂನ್ 30ರೊಳಗೆ ಆಗಿದ್ದರೆ ಅಪರಾಧ ಹಳೆಯ ದಂಡ ಸಂಹಿತೆಯದು. ಎಲುಬು ತಾರೀಖು ಹೇಳುವುದಿಲ್ಲ, ವರ್ಷಗಳ ಅಂದಾಜು ಕೊಡುತ್ತದೆ ಅಷ್ಟೆ. ಸಿಪಿಐ ಸಾಹೇಬರು 103 ಬರೆಯಬೇಕೋ 302 ಬರೆಯಬೇಕೋ ಅನ್ನುವುದು ಸತ್ತವನನ್ನು ಊರವರು ಕೊನೆಯ ಸಲ ಯಾವ ಜಾತ್ರೆಯಲ್ಲಿ ನೋಡಿದ್ದರು ಅನ್ನುವುದರ ಮೇಲೆ ನಿಂತಿದೆ.